ಮನೆಗೆ ಯಾವ ಜ್ಯೂಸರ್ ತಗೋಳೋದು? ಹಣ್ಣು, ಸೊಪ್ಪು ಎರಡೂ ಹಿಂಡೋರು ಪದೇ ಪದೇ ಕೇಳೋ ಪ್ರಶ್ನೆಗಳು

ನಾನಿರೋದು ಮೈಸೂರಲ್ಲಿ, ಗಂಡನ ಊರು ಮಂಡ್ಯ ಕಡೆ ಒಂದು ಹಳ್ಳಿ. ನಮ್ಮನೇಲಿ ಇಲ್ಲೀತನಕ ಮೂರು ಜ್ಯೂಸರ್ ಆಗಿದೆ, ಒಂದು ಅಟ್ಟ ಸೇರಿದೆ, ಒಂದು ಊರಲ್ಲಿ ಅತ್ತೆ ಹತ್ರ ಇದೆ, ಇನ್ನೊಂದು ದಿನಾ ಬೆಳಗ್ಗೆ ಓಡುತ್ತೆ. ಇದು ಗೊತ್ತಾಗಿ ನೆಂಟರು, ಪಕ್ಕದ್ಮನೆಯೋರು, ವಾಕಿಂಗಲ್ಲಿ ಸಿಗೋ ಆಂಟಿಯರು ಎಲ್ಲಾ ಕೇಳಿದ್ದನ್ನೇ ಕೇಳ್ತಾರೆ. ಒಂದೇ ಸಲ ಬರೆದಿಟ್ಬಿಡೋಣ ಅಂತ ಕೂತೆ.

ಮಿಕ್ಸಿ ಇದ್ಯಲ್ಲ ಮನೇಲಿ, ಮತ್ತೆ ಜ್ಯೂಸರ್ ಯಾಕ್ರೀ?

ಬಹಳ ಜನಕ್ಕೆ ಬೇಡ ಅನ್ನೋದೇ ನನ್ನ ಉತ್ತರ. ವಾರಕ್ಕೊಂದ್ಸಲ ಎರಡ್ಸಲ ಕುಡಿಯೋರು ಮಿಕ್ಸಿ ಜಾರಿಗೆ ಹೆಚ್ಚಿದ ಹಣ್ಣೋ ಸೊಪ್ಪೋ ಹಾಕಿ, ಅರ್ಧ ಲೋಟ ನೀರು ಬಿಟ್ಟು ತಿರುಗಿಸಿ, ಹಳೇ ಕಾಟನ್ ಪಂಚೆ ತುಂಡಲ್ಲಿ ಹಾಕಿ ಹಿಂಡ್ಕೊಂಡ್ರೆ ಆಯ್ತು. ರುಚಿ ಸ್ವಲ್ಪ ತೆಳ್ಳಗಾಗುತ್ತೆ, ಕೈ ಹಸಿರಾಗುತ್ತೆ, ಅಷ್ಟೇ ನಷ್ಟ. ವಾರದಲ್ಲಿ ನಾಲ್ಕೈದು ದಿನ, ಅದೂ ಮನೇಲಿ ಮೂರು ನಾಲ್ಕು ಜನ ಕುಡಿಯೋರಿದ್ರೆ ಆ ಹಿಂಡೋ ಕೆಲಸ ಬೇಜಾರು ಹಿಡಿಸುತ್ತೆ, ಆಗ ಜ್ಯೂಸರ್ ಯೋಚ್ನೆ ಮಾಡಿ. ಸುಮ್ನೆ ಹೊಸ ವರ್ಷಕ್ಕೆ ಆರೋಗ್ಯ ಶುರು ಮಾಡೋಣ ಅಂತ ಮೊದ್ಲೇ ಹತ್ತು ಸಾವಿರ ಸುರೀಬೇಡಿ, ಒಂದು ತಿಂಗಳು ಪಂಚೆ ಬಟ್ಟೇಲಿ ಮಾಡಿ ನೋಡಿ, ಆ ತಿಂಗಳು ದಾಟಿದ್ರೆ ನೀವು ನಿಜವಾಗ್ಲೂ ಕುಡಿಯೋ ಪೈಕಿ.

ಸೆಂಟ್ರಿಫ್ಯೂಗಲ್, ಕೋಲ್ಡ್ ಪ್ರೆಸ್ ಅಂತಾರಲ್ಲ, ಏನು ವ್ಯತ್ಯಾಸ?

ಸೆಂಟ್ರಿಫ್ಯೂಗಲ್ ಅಂದ್ರೆ ವಾಷಿಂಗ್ ಮೆಷಿನ್ ಡ್ರೈಯರ್ ಇದ್ದ ಹಾಗೆ. ಕೆಳಗೆ ತುರಿಯೋ ತಟ್ಟೆ, ಸುತ್ತ ಜಾಲರಿ ಬುಟ್ಟಿ, ಎರಡೂ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತೆ, ಹಣ್ಣು ತುರಿದು ಗೋಡೆಗೆ ಬಡಿಯುತ್ತೆ, ರಸ ಜಾಲರಿ ದಾಟಿ ಆಚೆ ಬರುತ್ತೆ, ಒಣ ಸಿಪ್ಪೆ ಹಿಂದಿನ ಡಬ್ಬಿಗೆ ಹೋಗುತ್ತೆ. ಜ್ಯೂಸರ್ ಮಿಕ್ಸರ್ ಗ್ರೈಂಡರ್ ಅಂತ ಒಟ್ಟಿಗೆ ಮಾರ್ತಾರಲ್ಲ, ಅದ್ರಲ್ಲಿ ಬರೋದೂ ಸಾಮಾನ್ಯವಾಗಿ ಇದೇ.

ಕೋಲ್ಡ್ ಪ್ರೆಸ್ ಅಥವಾ ಸ್ಲೋ ಜ್ಯೂಸರ್ ಅಂದ್ರೆ ಆಲೆಮನೆ ಗಾಣ. ಗಾಣಕ್ಕೆ ಕಬ್ಬು ಕೊಟ್ಟಾಗ ಅದು ಆತುರ ಪಡಲ್ಲ, ನಿಧಾನಕ್ಕೆ ಎಳ್ಕೊಂಡು ಅರೆದು ಹಾಲು ಈ ಕಡೆ, ರಚ್ಚು ಆ ಕಡೆ ಬಿಡುತ್ತಲ್ಲ, ಅದೇ ಲೆಕ್ಕ. ಇಲ್ಲಿ ಗಾಣದ ರೋಲರ್ ಬದ್ಲು ದಪ್ಪ ಪ್ಲಾಸ್ಟಿಕ್ ಸ್ಕ್ರೂ ಇರುತ್ತೆ, ನಿಮಿಷಕ್ಕೆ 40 ರಿಂದ 100 ಸುತ್ತು ತಿರುಗುತ್ತೆ, ಹಾಕಿದ್ದನ್ನ ಜಾಲರಿಗೆ ಒತ್ತಿ ಒತ್ತಿ ಹಿಂಡುತ್ತೆ. ನಿಜ ಹೇಳ್ಬೇಕಂದ್ರೆ ಕೋಲ್ಡ್ ಪ್ರೆಸ್ ಅನ್ನೋ ಹೆಸರು ಬಟ್ಟೆ ಚೀಲದಲ್ಲಿ ಹಾಕಿ ಭಾರ ಒತ್ತಿ ಹಿಂಡೋ ಪ್ರೆಸ್‌ಗೆ ಸೇರಬೇಕಾದ್ದು, ಮನೆಗೆ ಮಾರೋ ಸ್ಕ್ರೂ ಮೆಷಿನ್‌ಗೂ ಅದೇ ಹೆಸರು ಅಂಟ್ಕೊಂಡಿದೆ.

ಸೊಪ್ಪಿಗೆ ಯಾವುದು ಸರಿ?

ಇಲ್ಲೇ ನಾನು ದುಡ್ಡು ಕಳ್ಕೊಂಡಿದ್ದು, ಹಂಗಾಗಿ ಸ್ವಲ್ಪ ಉದ್ದ ಹೇಳ್ತೀನಿ.

ಮೊದಲ್ನೇ ಸಲ ಅಂಗಡೀಲಿ ಸೆಂಟ್ರಿಫ್ಯೂಗಲ್‌ದು ಡೆಮೊ ತೋರಿಸಿದ್ರು. ಕ್ಯಾರೆಟ್ ಹಾಕಿದ್ರು, ಝುಂಯ್ ಅಂತು, ಮುಕ್ಕಾಲು ಲೋಟ ಕಿತ್ತಳೆ ಬಣ್ಣದ ರಸ ಬಂತು, ಸೇಬು ಹಾಕಿದ್ರು, ಅದೂ ಬಂತು, ನಾನು ಖುಷಿಯಾಗಿ ಬಿಲ್ ಹಾಕಿಸಿದೆ. ಮಾರನೇ ದಿನ ದೇವರಾಜ ಮಾರ್ಕೆಟ್ಟಿಂದ ಎರಡು ಕಟ್ಟು ಪಾಲಕ್ ತಂದು, ಬಿಡಿಸಿ ತೊಳೆದು, ಪೂರ್ತಿ ಮೆಷಿನ್‌ಗೆ ಹಾಕಿದೆ. ಲೋಟಕ್ಕೆ ಬಂದಿದ್ದು ನಾಲ್ಕೈದು ಚಮಚ, ಅದೂ ಮುಕ್ಕಾಲು ಪಾಲು ನೊರೆ. ಹಿಂದಿನ ಡಬ್ಬಿ ತೆಗೆದು ನೋಡಿದ್ರೆ ಎಲೆ ಎಲೆಯಾಗೇ ಬಿದ್ದಿದೆ, ಕೆಲವು ಎಲೆಗೆ ಗಾಯಾನೇ ಆಗಿಲ್ಲ! ಅದನ್ನ ತೆಗೆದು ಕೈಯಲ್ಲಿ ಹಿಂಡಿದೆ ನೋಡಿ, ಮೆಷಿನ್ ಕೊಟ್ಟಿದ್ದಕ್ಕಿಂತ ಜಾಸ್ತಿ ರಸ ಕೈಯಿಂದ ಬಂತು. ಕಾರಣ ಸಿಂಪಲ್, ಕ್ಯಾರೆಟ್ ಗಟ್ಟಿ, ತುರಿಯೋ ತಟ್ಟೆ ಹತ್ರ ನಿಂತು ತುರಿಸ್ಕೊಳ್ಳುತ್ತೆ, ಎಲೆ ಹಗುರ, ಆ ಸ್ಪೀಡಿಗೆ ತಟ್ಟೆಗೆ ಸಿಗೋಕ್ಮುಂಚೆ ಹಾರ್ಕೊಂಡು ಹೋಗುತ್ತೆ.

ಸ್ಕ್ರೂ ಇರೋ ಸ್ಲೋ ಜ್ಯೂಸರ್ ಎಲೆಯನ್ನ ಬಿಡಲ್ಲ, ಎಳ್ಕೊಂಡು ಅರೆಯುತ್ತೆ. ಪಾಲಕ್, ಪುದೀನ, ಕೊತ್ತಂಬರಿ, ಒಂದೆಲಗ, ದೊಡ್ಡಪತ್ರೆ, ಗೋಧಿ ಹುಲ್ಲು, ಇವೆಲ್ಲಾ ದಿನಾ ಬೇಕು ಅನ್ನೋರಿಗೆ ಇದೊಂದೇ ದಾರಿ. ಹಣ್ಣು ಮಾತ್ರ ಅಂದ್ರೆ ಸೆಂಟ್ರಿಫ್ಯೂಗಲ್ ಸಾಕು, ಬೇಗ ಆಗುತ್ತೆ, ಕಮ್ಮಿ ದುಡ್ಡು. ಶಬ್ದ ಮಾತ್ರ ಬೋರ್‌ವೆಲ್ ಕೊರೆದ ಹಾಗೆ, ಬೆಳಗ್ಗೆ ಆರಕ್ಕೆ ಹಾಕಿದ್ರೆ ಮೇಲ್ಮನೆಯೋರೂ ಎದ್ದು ಕೂರ್ತಾರೆ.

ನಿಂಬೆ, ಕಿತ್ತಳೆ, ಮೂಸಂಬಿ ಬಿಟ್ರೆ ಬೇರೇನೂ ಕುಡಿಯಲ್ಲ ಅನ್ನೋರಿಗೆ ಇದ್ಯಾವ್ದೂ ಬೇಡ, ಒತ್ತಿ ತಿರುಗಿಸೋ ಸಣ್ಣ ಸಿಟ್ರಸ್ ಜ್ಯೂಸರ್ ಸಾಕು.

ಅಡ್ಡ ಮಲಗಿರೋದು, ನೇರ ನಿಂತಿರೋದು ಎರಡು ಥರ ಸ್ಲೋ ಜ್ಯೂಸರ್ ಇದ್ಯಲ್ಲ?

ಹೌದು. ನೇರ ನಿಂತಿರೋದು ಜಾಗ ಕಮ್ಮಿ ತಗೊಳ್ಳುತ್ತೆ, ಹಾಕಿದ್ದು ತಾನೇ ಕೆಳಗೆ ಇಳಿಯುತ್ತೆ, ಹಣ್ಣು ಸೊಪ್ಪು ಮಿಕ್ಸ್ ಮಾಡೋರಿಗೆ ಅನುಕೂಲ. ಅಡ್ಡ ಇರೋದು ಬರೀ ಸೊಪ್ಪು, ಹುಲ್ಲು, ನಾರಿರೋ ದಂಟಿಗೆ ಚೆನ್ನಾಗಿ ಆಗುತ್ತೆ, ತೊಳೆಯೋದೂ ಸಲೀಸು, ಆದ್ರೆ ಬಾಯಿ ಚಿಕ್ಕದು, ಪ್ರತಿಯೊಂದೂ ಸಣ್ಣಗೆ ಹೆಚ್ಚಿ ಒತ್ತುತ್ತಾ ಕೂರ್ಬೇಕು. ಈಗ ಇಡೀ ಸೇಬು ನುಂಗೋ ದೊಡ್ಡ ಬಾಯಿ ಮಾಡೆಲ್ ಬಂದಿದೆ, ಅದಕ್ಕೆ ಸೊಪ್ಪಿನೋರು ಎಕ್ಸ್ಟ್ರಾ ದುಡ್ಡು ಕೊಡೋ ಅಗತ್ಯ ಇಲ್ಲ, ಸೊಪ್ಪಿಗೆ ಬಾಯಿ ಎಷ್ಟು ಅಗಲ ಇದ್ರೇನು.

ಕೈಯಲ್ಲಿ ತಿರುಗಿಸೋದೂ ಸಿಗುತ್ತೆ. ಟೇಬಲ್ ಅಂಚಿಗೆ ಬಿಗಿದು ಹಿಡಿ ತಿರುಗಿಸೋದು, ಕರೆಂಟು ಬೇಡ, ಒಬ್ಬರಿಗೆ ಒಂದು ಸಣ್ಣ ಲೋಟ ಸೊಪ್ಪಿನ ರಸಕ್ಕೆ ಸಾಕು. ನಾನು ದೊಡ್ಡದು ತಗೊಂಡಾಗ ಅತ್ತೆ, "ಅಲ್ಲ ಕಣವ್ವಾ, ದನಕ್ಕಾಕೋ ಸೊಪ್ಪ ಹಿಂಡ್ಕೊಂಡ್ ಕುಡಿಯಕ್ಕೆ ಅಷ್ಟೊಂದ್ ದುಡ್ಡ್ ಕೊಟ್ಯಾ" ಅಂತ ಬೈದಿದ್ರು. ಈಗ ನಮ್ಮ ಹಳೇ ಕೈ ಜ್ಯೂಸರ್ ಅವರ ಹತ್ರಾನೇ ಇದೆ, ಮೊಮ್ಮಕ್ಕಳಿಗೆ ಕೆಮ್ಮು ಬಂದ್ರೆ ದೊಡ್ಡಪತ್ರೆ ಹಿಂಡಿ ಜೇನು ಹಾಕಿ ಕೊಡೋಕೆ. ವಾಪಸ್ ಕೇಳಿದ್ರೆ ಮಾತೇ ಬದಲಾಯಿಸ್ತಾರೆ.

ವ್ಯಾಟ್ ಜಾಸ್ತಿ ಇದ್ರೆ ಒಳ್ಳೇ ಮೆಷಿನ್ನಾ? ಕರೆಂಟ್ ಬಿಲ್?

ಮಿಕ್ಸಿ ಲೆಕ್ಕ ಇಲ್ಲಿ ನಡೆಯಲ್ಲ. ಸ್ಲೋ ಜ್ಯೂಸರ್ ಸಾಮಾನ್ಯವಾಗಿ 150 ರಿಂದ 250 ವ್ಯಾಟ್, ಒಳಗಿನ ಗೇರು ಸ್ಪೀಡ್ ಕಮ್ಮಿ ಮಾಡಿ ಬಲ ಜಾಸ್ತಿ ಮಾಡುತ್ತೆ, ಅದೇ ಹಿಂಡೋದು. 200 ವ್ಯಾಟ್ ಮೆಷಿನ್ ಕಾಲು ಗಂಟೆ ಓಡಿದ್ರೆ ಯೂನಿಟ್ಟಿನ ಇಪ್ಪತ್ತರಲ್ಲಿ ಒಂದು ಭಾಗ. ತಿಂಗಳು ಪೂರ್ತಿ ಓಡಿಸಿದ್ರೂ ಒಂದೂವರೆ ಯೂನಿಟ್, ಇದರಿಂದ ನಿಮ್ಮ ಗೃಹಜ್ಯೋತಿ ಲೆಕ್ಕ ತಪ್ಪಲ್ಲ ಬಿಡಿ. ಎಷ್ಟು ಹೊತ್ತು ಸತತ ಓಡಿಸಬಹುದು ಅಂತ ಮಾತ್ರ ಪುಸ್ತಕದಲ್ಲಿ ನೋಡ್ಕೊಳ್ಳಿ, ಮನೆ ಮೆಷಿನ್ನು ಅರ್ಧ ಗಂಟೆಗಿಂತ ಜಾಸ್ತಿ ಬಿಡುವಿಲ್ದೆ ಓಡೋದು ಕಮ್ಮೀನೇ.

ಸ್ಲೋ ಜ್ಯೂಸರಲ್ಲಿ ವಿಟಮಿನ್ ಸಾಯಲ್ಲ, ಬೇರೇದ್ರಲ್ಲಿ ಸುಟ್ಟೋಗುತ್ತೆ ಅಂತಾರೆ, ನಿಜಾನಾ?

ಮಾರೋರು ಹೇಳೋವಷ್ಟು ಇಲ್ಲ. ಸ್ಪೀಡ್ ಮೆಷಿನ್ನಲ್ಲಿ ರಸ ಒಳಗಿರೋದೇ ಕೆಲವು ಸೆಕೆಂಡು, ಬಿಸಿ ಸ್ವಲ್ಪಾನೇ ಏರೋದು. ವಿಟಮಿನ್ ಸಿಗೆ ಗಾಳಿ ತಾಗಿದ್ರೆ ಕಷ್ಟ, ಸ್ಪೀಡಾಗಿ ತಿರುಗೋದು ಗಾಳಿ ಕಲಸುತ್ತೆ, ಅದಕ್ಕೇ ನೊರೆ ಬರೋದು, ಬೇಗ ಬಣ್ಣ ಕಂದೋದು, ನೀರು ಬೇರೆ ಗಸಿ ಬೇರೆ ಆಗೋದು. ಆದ್ರೆ ಹಿಂಡಿದ ತಕ್ಷಣ ಕುಡಿದ್ರೆ ಆಕಾಶ ಭೂಮಿ ವ್ಯತ್ಯಾಸ ಏನಿಲ್ಲ. ಸೊಪ್ಪು ಸರಿಯಾಗಿ ಹಿಂಡುತ್ತೆ ಅಂತ ಸ್ಲೋ ಜ್ಯೂಸರ್ ತಗೊಳ್ಳಿ, ಪವಾಡ ಮಾಡುತ್ತೆ ಅಂತ ಬೇಡ. ಮತ್ತೆ ಯಾವ ಮೆಷಿನ್ ಆದ್ರೂ ನಾರಿನ ಬಹುಪಾಲು ಆಚೆ ಹಾಕುತ್ತೆ, ಸೊಪ್ಪಿನ ಸಾರು ಪಲ್ಯ ತಿನ್ನೋದನ್ನ ಬಿಟ್ಟು ಇದನ್ನ ಹಿಡೀಬೇಡಿ.

ಅಂಗಡೀಲಿ ಏನೇನು ನೋಡ್ಬೇಕು?

ಮೊದಲ್ನೇದು, ಕೈಯಲ್ಲಿ ಒಂದು ಕಟ್ಟು ಪಾಲಕ್ ಹಿಡ್ಕೊಂಡು ಹೋಗಿ. ನಾಚಿಕೆ ಏನೂ ಬೇಡ. ಅವರು ಕ್ಯಾರೆಟ್ ತೆಗೆಯೋಕೆ ಹೋದ್ರೆ, ಅಣ್ಣಾ ಇದನ್ನ ಹಾಕಿ ತೋರ್ಸಿ ಅನ್ನಿ. ಆಚೆ ಬಂದ ಚರಟ ಕೈಯಲ್ಲಿ ತಗೊಂಡು ಬಿಗಿಯಾಗಿ ಹಿಂಡಿ, ತೊಟ್ಟು ತೊಟ್ಟು ರಸ ಸುರಿದ್ರೆ ಆ ಮೆಷಿನ್ ಬೇಡ, ಕೈ ಬರೀ ಒದ್ದೆ ಆದ್ರೆ ಒಳ್ಳೇದು.

ಆಮೇಲೆ ಅಲ್ಲೇ ಅವರೆದುರಿಗೆ ಪೂರ್ತಿ ಬಿಚ್ಚಿ ಜೋಡಿಸಿ ನೋಡಿ. ಬಟ್ಟಲು, ಜಾಲರಿ, ಸ್ಕ್ರೂ, ಸಿಲಿಕಾನ್ ವೈಪರ್, ಮುಚ್ಚಳ, ಇವಿಷ್ಟೂ ನಿದ್ದೆಗಣ್ಣಲ್ಲಿ ಜೋಡಿಸೋಕೆ ಬರ್ಬೇಕು. ಸರಿಯಾಗಿ ಕೂರದಿದ್ರೆ ಮೆಷಿನ್ ಆನ್ ಆಗದ ಹಾಗೆ ಸೇಫ್ಟಿ ಲಾಕ್ ಇರಬೇಕು, ಸಿಕ್ಕಾಕ್ಕೊಂಡಾಗ ಬಿಡಿಸೋಕೆ ರಿವರ್ಸ್ ಬಟನ್ ಬೇಕೇ ಬೇಕು. ಪ್ಲಾಸ್ಟಿಕ್ ಬಿಪಿಎ (ಕೆಲವು ಪ್ಲಾಸ್ಟಿಕ್ಕಲ್ಲಿರೋ ಒಂದು ರಾಸಾಯನಿಕ) ಇಲ್ಲದ್ದು ಅಂತ ಬರೆದಿದ್ಯಾ ನೋಡಿ.

ಇನ್ನೊಂದು ಬಹಳ ಮುಖ್ಯ, ಬಿಡಿಭಾಗ. ಎರಡನೇ ವರ್ಷ ನನ್ನ ಜಾಲರಿ ಸೀಳು ಬಿಟ್ಟಿತ್ತು, ಸರ್ವಿಸ್ ಸೆಂಟರಿಗೆ ಫೋನ್ ಮಾಡಿದ್ರೆ ಜಾಲರಿ ಒಂದೇ ಬರಲ್ಲ ಮೇಡಂ, ಬಟ್ಟಲು ಸೆಟ್ ಪೂರ್ತಿ ತಗೋಬೇಕು ಅಂದ್ರು, ಅದೂ ಮೂರು ವಾರ ಕಾಯ್ಸಿ. ಹತ್ತು ವರ್ಷ ಮೋಟರ್ ವಾರಂಟಿ ಅಂತ ದೊಡ್ಡದಾಗಿ ಬರೆದಿರ್ತಾರೆ, ಮೋಟರ್ ಎಲ್ಲಿ ಹೋಗುತ್ತೆ ಹೇಳಿ, ಹೋಗೋದು ಜಾಲರಿ, ಸ್ಕ್ರೂ, ರಬ್ಬರ್. ಅವು ಬಿಡಿಯಾಗಿ ಸಿಗುತ್ತಾ, ಎಷ್ಟು ದುಡ್ಡು, ಮೈಸೂರಲ್ಲೇ ಸಿಗುತ್ತಾ ಇಲ್ಲಾ ಬೆಂಗಳೂರಿಂದ ಬರ್ಬೇಕಾ, ಇದಿಷ್ಟು ಕೇಳ್ಕೊಂಡೇ ಬಿಲ್ ಹಾಕಿಸಿ. ಮಂಡ್ಯದೋರು ಇನ್ನೂ ಒಂದ್ಸಲ ಜಾಸ್ತಿ ಕೇಳಿ.

ತೊಳೆಯೋದು ಎಷ್ಟು ಕಷ್ಟ?

ಜ್ಯೂಸರ್ ಅಟ್ಟ ಸೇರೋದು ಕೆಟ್ಟು ಹೋಗಿ ಅಲ್ಲ, ತೊಳೆಯೋ ಬೇಜಾರಿಗೆ. ಕುಡಿದಾದ್ಮೇಲೆ ತೊಳೀತೀನಿ ಅಂದ್ರೆ ಕೆಟ್ರಿ, ಅರ್ಧ ಗಂಟೇಲಿ ಜಾಲರಿ ಸಣ್ಣ ತೂತಲ್ಲಿ ನಾರು ಒಣಗಿ ಸಿಮೆಂಟಾಗುತ್ತೆ. ನಾನು ಮಾಡೋದು ಹಿಂಗೆ, ಕೊನೇ ತುಂಡು ಹಾಕಿದ್ಮೇಲೆ ಒಂದು ಲೋಟ ನೀರು ಮೇಲಿಂದ ಸುರಿದು ಓಡಿಸ್ತೀನಿ, ಆಮೇಲೆ ಲೋಟ ಮುಟ್ಟೋಕ್ಮುಂಚೆ ಬಿಚ್ಚಿ ಎಲ್ಲಾ ಬಕೆಟ್ ನೀರಿಗೆ ಹಾಕ್ತೀನಿ, ಕುಡಿದು ಬಂದು ನಲ್ಲಿ ಕೆಳಗೆ ಜಾಲರಿ ಹಿಡಿದು ಹೊರಗಿಂದ ಒಳಗೆ ಬ್ರಶ್ ಉಜ್ಜುತ್ತೀನಿ. ಐದು ನಿಮಿಷ. ಬಟ್ಟಲ ಕೆಳಗೆ ಚರಟ ಆಚೆ ಹೋಗೋ ಸಂದೀಲಿ ಸಣ್ಣ ರಬ್ಬರ್ ಮುಚ್ಚಳ ಇರುತ್ತೆ, ಅದನ್ನ ಎತ್ತಿ ತೊಳೆಯೋದು ಮರೆಯೋರೇ ಜಾಸ್ತಿ, ಆಮೇಲೆ ವಾಸನೆ ಬರ್ತಿದೆ ಅಂತ ಮೆಷಿನ್ನ ಬೈತಾರೆ. ಕ್ಯಾರೆಟ್ ಬೀಟ್ರೂಟ್ ಬಣ್ಣ ಹಿಡಿದ್ರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ನೆನೆಸಿಡಿ, ಬೋರ್ ನೀರಿನ ಬಿಳಿ ಕಲೆಗೆ ನಿಂಬೆ ಹುಳಿ. ಕುದಿಯೋ ನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತೆ.

ಏನೇನು ಹಾಕ್ಬಾರ್ದು?

ಬೀಜ. ಬೆಟ್ಟದ ನೆಲ್ಲಿಕಾಯಿ ಬೀಜ ಒಂದು ಕಣ್ತಪ್ಪಿ ಹೋಗಿ ಟಕ್ ಅಂತ ಶಬ್ದ ಬಂತು, ಸ್ಕ್ರೂ ಅಂಚು ಚಕ್ಕೆ ಎದ್ದಿತ್ತು. ನೇರಳೆ, ಮಾವು, ಖರ್ಜೂರ, ಎಲ್ಲಾದ್ರ ಬೀಜಾನೂ ತೆಗೀಲೇಬೇಕು. ದಾಳಿಂಬೆ ಕಾಳು, ದ್ರಾಕ್ಷಿ ಬೀಜ ಪರವಾಗಿಲ್ಲ. ಕಿತ್ತಳೆ ಮೂಸಂಬಿ ಸಿಪ್ಪೆ ಸಮೇತ ಹಾಕಿದ್ರೆ ಕಹಿ.

ಬಾಳೆಹಣ್ಣು ಹಾಕ್ಬೇಡಿ, ನೀರಂಶ ಬಿಟ್ಕೊಡೋ ಜಾತಿ ಅಲ್ಲ ಅದು. ನಮ್ಮ ನಂಜನಗೂಡು ರಸಬಾಳೆ ಹೆಸರಲ್ಲಿ ರಸ ಇದೆ, ಜಿಐ ಟ್ಯಾಗೂ ಇದೆ, ಜ್ಯೂಸರಿಗೆ ಹಾಕಿದ್ರೆ ಮಾತ್ರ ಜಾಲರಿಗೆಲ್ಲಾ ಬಳಿದ ಪೇಸ್ಟು. ಅಂಥ ಹಣ್ಣನ್ನ ಮೆಷಿನ್‌ಗೆ ಹಾಕೋ ಮನಸ್ಸಾದ್ರೂ ಹೆಂಗ್ ಬರುತ್ತೋ! ಪಪ್ಪಾಯಿ, ಮಾವು, ಸಪೋಟಕ್ಕೂ ಮಿಕ್ಸೀನೇ ಸರಿ.

ಬಾಳೆದಿಂಡು ಹಾಕಬಹುದು, ಆದ್ರೆ ಬಿಲ್ಲೆ ಕತ್ತರಿಸುವಾಗ ಬರೋ ನಾರನ್ನ ಬೆರಳಿಗೆ ಸುತ್ಕೊಂಡು ತೆಗೀರಿ, ಪಲ್ಯಕ್ಕೆ ಮಾಡೋ ಹಾಗೇ. ಇಲ್ಲಾಂದ್ರೆ ಆ ನಾರು ಸ್ಕ್ರೂಗೆ ದಾರದುಂಡೆ ಥರ ಸುತ್ಕೊಂಡು ಮೆಷಿನ್ ನಿಲ್ಲಿಸುತ್ತೆ. ಶುಂಠಿ, ದಂಟುಸೊಪ್ಪಿನ ದಪ್ಪ ಕಾಂಡಕ್ಕೂ ಇದೇ ಕಾಟ, ಎರಡಿಂಚು ಉದ್ದಕ್ಕೆ ಕತ್ತರಿಸಿ ಹಾಕಿ.

ಸೊಪ್ಪು ಹಾಕೋಕೆ ಏನಾದ್ರೂ ಟೆಕ್ನಿಕ್ ಇದ್ಯಾ?

ಇದೆ. ಬಿಡಿ ಬಿಡಿ ಎಲೆ ಉದುರಿಸ್ಬೇಡಿ, ವೀಳ್ಯದೆಲೆ ಮಡಿಸೋ ಹಾಗೆ ನಾಲ್ಕೈದು ಎಲೆ ಸೇರಿಸಿ ಉಂಡೆ ಮಾಡಿ ಹಾಕಿ, ಅದರ ಹಿಂದೆ ಸೌತೆಕಾಯಿ ತುಂಡೋ ಸೇಬೋ ಹಾಕಿ, ಮತ್ತೆ ಸೊಪ್ಪು, ಮತ್ತೆ ಸೌತೆಕಾಯಿ. ಗಟ್ಟಿ ತುಂಡು ಎಲೆಯನ್ನ ತಳ್ಕೊಂಡು ಹೋಗುತ್ತೆ, ನೀರಿರೋದು ಜಾಲರಿ ತೊಳ್ಕೊಂಡು ಹೋಗುತ್ತೆ. ಕೊನೇಲಿ ಯಾವಾಗ್ಲೂ ಸೌತೆಕಾಯಿ.

ಹಸೀದು ಕುಡಿಯೋದ್ರಿಂದ ತೊಳೆಯೋದ್ರಲ್ಲಿ ಕಳ್ಳಾಟ ಬೇಡ. ಬೇರು ಕೊಯ್ದು, ಎಲೆ ಬಿಡಿಸಿ, ಅಗಲ ಪಾತ್ರೇಲಿ ಮೂರು ನೀರು, ತಳದಲ್ಲಿ ಮಣ್ಣು ಕಾಣೋದು ನಿಲ್ಲೋತನಕ, ಕೊನೇಲಿ ಹರಿಯೋ ನೀರಲ್ಲಿ ಒಂದ್ಸಲ. ಸಾರಿಗಾದ್ರೆ ಕುದಿಯೋದ್ರಲ್ಲಿ ಎಲ್ಲಾ ಸಾಯುತ್ತೆ, ಇಲ್ಲಿ ಹಂಗಲ್ಲ.

ಶುಗರ್ ಇರೋರು, ಕಿಡ್ನಿ ಕಲ್ಲಿರೋರು ಕುಡಿಯಬಹುದಾ?

ನಾನು ಡಾಕ್ಟ್ರಲ್ಲ, ನಿಮ್ಮ ಡಾಕ್ಟ್ರನ್ನ ಕೇಳಿ, ಆದ್ರೆ ಕೇಳೋಕ್ಮುಂಚೆ ಇಷ್ಟು ಗೊತ್ತಿರ್ಲಿ. ಒಂದು 200 ಎಂಎಲ್ ಲೋಟ ಕಿತ್ತಳೆ ರಸಕ್ಕೆ ಮೂರು ಹಣ್ಣಾದ್ರೂ ಬೇಕು, ಸಕ್ಕರೆ ಒಂದು ಚಮಚವೂ ಹಾಕ್ದೇನೇ ಅದ್ರಲ್ಲಿ ಸುಮಾರು 17 ಗ್ರಾಂ ಸಕ್ಕರೆ ಇರುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಮಾರ್ಗಸೂಚೀಲಿ ಹಣ್ಣಿನ ರಸದ ಸಕ್ಕರೆಯನ್ನೂ ಡಬ್ಬಿ ಸಕ್ಕರೆ ಜೊತೇಗೇ ಲೆಕ್ಕ ಹಾಕಿದೆ. ಶುಗರ್ ಇರೋರು ಹಣ್ಣನ್ನ ಹಣ್ಣಾಗೇ ತಿನ್ನೋದು ಜಾಣತನ.

ಪಾಲಕ್, ದಂಟಿನ ಸೊಪ್ಪಲ್ಲಿ ಆಕ್ಸಲೇಟ್ ಅನ್ನೋ, ಕಿಡ್ನಿ ಕಲ್ಲಿಗೆ ದಾರಿ ಮಾಡೋ ಅಂಶ ಜಾಸ್ತಿ. ಬೇಯಿಸಿ ನೀರು ಚೆಲ್ಲಿದ್ರೆ ಒಂದಷ್ಟು ಹೋಗುತ್ತೆ, ಹಸಿ ಹಿಂಡಿದ್ರೆ ಅದು ರಸದ ಜೊತೆ ಲೋಟಕ್ಕೇ ಬರುತ್ತೆ. ಕಲ್ಲಾಗೋ ಸ್ವಭಾವದೋರು, ಕಿಡ್ನಿ ತೊಂದ್ರೆ ಇರೋರು ದಿನಾ ಪಾಲಕ್ ಜ್ಯೂಸ್ ಮುಟ್ಟಬಾರ್ದು. ರಕ್ತ ತೆಳುವಾಗೋಕೆ ವಾರ್ಫರಿನ್ ತಗೊಳ್ಳೋರಿಗೆ ಸೊಪ್ಪಿನ ವಿಟಮಿನ್ ಕೆ ಮಾತ್ರೆ ಕೆಲಸಕ್ಕೆ ಅಡ್ಡ ಬರುತ್ತೆ. ಅಮೃತಬಳ್ಳಿ ಅಂತ ದಿನಾ ಲೋಟಗಟ್ಟಲೆ ಕುಡಿಯೋರೂ ಹುಷಾರು, ಕೊರೊನಾ ಟೈಮಲ್ಲಿ ಲಿವರ್ ಕೆಟ್ಟ ಕೇಸುಗಳನ್ನ ವೈದ್ಯರು ವರದಿ ಮಾಡಿದಾರೆ.

ಎಲ್ಲಕ್ಕಿಂತ ಮುಖ್ಯ ಸೋರೆಕಾಯಿ. ಹೆಚ್ಚಿದ ತಕ್ಷಣ ಒಂದು ಚೂರು ನಾಲಿಗೆ ತುದೀಲಿ ಇಟ್ಟು ನೋಡಿ, ಕಹಿ ಅನ್ಸಿದ್ರೆ ಇಡೀ ಕಾಯಿ ಆಚೆ ಎಸೀರಿ. ಕಹಿ ಸೋರೆ ರಸದಿಂದ ರಕ್ತ ವಾಂತಿ ಆಗಿದೆ, ನಮ್ಮ ದೇಶದಲ್ಲಿ ಜನ ಸತ್ತೂ ಇದಾರೆ, ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ತಜ್ಞರ ಸಮಿತಿ ಕೂಡ ಕಹಿ ಇದ್ರೆ ಕುಡೀಲೇಬೇಡಿ ಅಂದಿದೆ. ಕಹಿ ಇದ್ದಷ್ಟೂ ಒಳ್ಳೇದು ಅನ್ನೋ ಮಾತು ಹಾಗಲಕಾಯಿಗೆ ಇಟ್ಕೊಳ್ಳಿ, ಸೋರೆಗೆ ಬೇಡ.

ರಾತ್ರಿ ಹಿಂಡಿ ಫ್ರಿಜ್ಜಲ್ಲಿ ಇಟ್ರೆ ಆಗಲ್ವಾ?

ಗಾಜಿನ ಬಾಟ್ಲಿ ಕುತ್ತಿಗೆವರೆಗೂ ತುಂಬಿ, ಬಿಗಿ ಮುಚ್ಚಿ, ಸ್ವಲ್ಪ ನಿಂಬೆ ಹಿಂಡಿ ಇಟ್ರೆ ಮಾರನೇ ದಿನಕ್ಕೆ ನಡೆಯುತ್ತೆ, ಅದಕ್ಕಿಂತ ಜಾಸ್ತಿ ಬೇಡ. ಸೊಪ್ಪಿಂದಂತೂ ಆಗಿಂದಾಗ್ಲೇ ಕುಡೀರಿ. ಅಂಗಡಿ ಜ್ಯೂಸ್ ತಿಂಗಳುಗಟ್ಟಲೆ ಇರೋದು ಅದನ್ನ ಬಿಸಿ ಮಾಡಿ ಪಾಶ್ಚರೈಸ್ ಮಾಡಿ ಪ್ಯಾಕ್ ಮಾಡಿರೋದ್ರಿಂದ. ಆಹಾರ ಕೆಡದ ಹಾಗೆ ಇಡೋದ್ರ ಮೇಲೆ ನಮ್ಮೂರ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನೋರು 1950ರಿಂದ ಚೆಲುವಾಂಬ ಮ್ಯಾನ್ಶನ್ನಲ್ಲಿ ಕೂತು ಕೆಲಸ ಮಾಡ್ತಿದಾರೆ, ಅಷ್ಟೊಂದು ವಿದ್ಯೆ ಬೇಕಾಗೋ ವಿಷ್ಯನ ನಮ್ಮ ಫ್ರಿಜ್ ಒಂದೇ ಮಾಡುತ್ತೆ ಅನ್ಕೋಬೇಡಿ.

ಮಗ ಅಮೆರಿಕದಿಂದ ತರ್ತೀನಿ ಅಂತಾನೆ, ತರಿಸ್ಲಾ?

ಬೇಡ. ಅಲ್ಲಿ 120 ವೋಲ್ಟ್ 60 ಹರ್ಟ್ಜ್, ಇಲ್ಲಿ 230 ವೋಲ್ಟ್ 50 ಹರ್ಟ್ಜ್. ನೇರ ಪ್ಲಗ್ಗಿಗೆ ಹಾಕಿದ್ರೆ ಮೋಟರ್ ಸುಟ್ಟು ಹೊಗೆ ಬರುತ್ತೆ, ಟ್ರಾನ್ಸ್‌ಫಾರ್ಮರ್ ಬೇರೆ ತಗೋಬೇಕು, ವಾರಂಟಿ ಕೇಳೋರು ದಿಕ್ಕಿಲ್ಲ. ಆ ಸೂಟ್‌ಕೇಸ್ ಜಾಗದಲ್ಲಿ ಬೇರೇನಾದ್ರೂ ತರ್ಲಿ, ದುಡ್ಡನ್ನ ಇಲ್ಲಿಗೇ ಕಳಿಸ್ಲಿ.

ಬಜೆಟ್ ಎಷ್ಟಿಟ್ಕೋಬೇಕು?

ಕೈ ಜ್ಯೂಸರ್ ಸಾವಿರದ ಆಚೀಚೆ, ಸೆಂಟ್ರಿಫ್ಯೂಗಲ್ ಮೂರರಿಂದ ಆರು ಸಾವಿರ, ಸ್ಲೋ ಜ್ಯೂಸರ್ ಆರೇಳು ಸಾವಿರದಿಂದ ಶುರುವಾಗಿ ಇಪ್ಪತ್ತೈದು ದಾಟುತ್ತೆ. ಹಬ್ಬದ ಆಫರಲ್ಲಿ ಕಮ್ಮಿ ಆಗುತ್ತೆ, ದಸರಾ ದೀಪಾವಳಿವರೆಗೂ ತಡೆಯೋ ತಾಳ್ಮೆ ಇದ್ರೆ ತಡೀರಿ, ಅಲ್ಲೀತನಕ ಪಂಚೆ ಬಟ್ಟೆ ಇದ್ದೇ ಇದೆ.

ಚರಟ ಎಸೆಯೋಕೆ ಮನಸ್ಸು ಬರಲ್ಲ, ಏನ್ ಮಾಡೋದು?

ಸೊಪ್ಪಿಂದು ಅಕ್ಕಿ ರೊಟ್ಟಿ ಹಿಟ್ಟಿಗೆ ಈರುಳ್ಳಿ ಹಸಿಮೆಣಸಿನಕಾಯಿ ಜೊತೆ ಕಲಸಿ. ಕ್ಯಾರೆಟ್‌ದು ಚಪಾತಿ ಹಿಟ್ಟಿಗೆ, ಇಲ್ಲಾ ತುಪ್ಪದಲ್ಲಿ ಹುರಿದು ಹಲ್ವಾ, ರಸ ಹೋಗಿರೋದ್ರಿಂದ ಹಾಲು ಸಕ್ಕರೆ ಸ್ವಲ್ಪ ಜಾಸ್ತಿ ಬೇಡುತ್ತೆ. ಮಿಕ್ಕಿದ್ದು ಗಿಡದ ಬುಡಕ್ಕೆ, ಊರಲ್ಲಾದ್ರೆ ಹಸುಗೆ.

ಜ್ಯೂಸರಲ್ಲಿ ಕಬ್ಬು ಹಿಂಡಬಹುದಾ?

ಮಂಡ್ಯದೋರು ಕೇಳೇ ಕೇಳ್ತಾರೆ ಇದನ್ನ, 1933ರಲ್ಲೇ ಮೈಶುಗರ್ ಸಕ್ಕರೆ ಕಂಪನಿ ಶುರುವಾದ ಊರು, ಕೇಳ್ದೆ ಇರ್ತಾರಾ. ಆಗಲ್ಲ. ಕಬ್ಬಿನ ನಾರಿಗೆ ಕಬ್ಬಿಣದ ರೋಲರೇ ಬೇಕು, ಪ್ಲಾಸ್ಟಿಕ್ ಸ್ಕ್ರೂ ಸೀಳೋಗುತ್ತೆ, ವಾರಂಟೀಲೂ ಬರಲ್ಲ. ನಮ್ಮೆಜಮಾನ್ರು ಸಿಪ್ಪೆ ಹೆರೆದು ಕಡ್ಡಿ ಥರ ಸೀಳಿ ಹಾಕಿದ್ರೆ ಆಗುತ್ತೆ ಅಂತ ಹಠ ಮಾಡಿ ಹಾಕಿದ್ರು, ಎರಡು ಸುತ್ತು ತಿರುಗೋಷ್ಟರಲ್ಲಿ ಮೆಷಿನ್ ನಿಂತು ರಿವರ್ಸೂ ಆಗ್ದೆ, ಸಂಜೆವರೆಗೂ ಇಕ್ಕಳ ಹಿಡ್ಕೊಂಡು ನಾರು ಕೀಳ್ತಾ ಕೂತಿದ್ರು. ಕೊನೇಗೆ ರೋಡ್ ಪಕ್ಕದ ಗಾಡಿಗೆ ಹೋಗಿ ಶುಂಠಿ ನಿಂಬೆ ಹಾಕಿಸ್ಕೊಂಡು ಎರಡು ಲೋಟ ಕಬ್ಬಿನ ಹಾಲು ಕುಡ್ಕೊಂಡು ಬಂದ್ವಿ.